18 ಕಿಲೋಮೀಟರಿಗೆ ಐದು ತಿಂಗಳು, 40 ಮೀಟರಿಗೆ ಹದಿಮೂರು

ಕಡತದಲ್ಲಿ ನಮ್ಮ ಯೋಜನೆಯ ಹೆಸರು ಎರಡು ಸಾಲಿನಷ್ಟು ಉದ್ದವಿತ್ತು. ಊರಿನವರ ಬಾಯಲ್ಲಿ ಅದು 'ಹೊಸ ಪೈಪ್‌ಲೈನ್' ಅಷ್ಟೇ. ಬಯಲುಸೀಮೆಯ ಒಂದು ನಗರಸಭೆ. ಶುದ್ಧೀಕರಣ ಘಟಕದಿಂದ ಊರೊಳಗಿನ ಮೂರು ಓವರ್‌ಹೆಡ್ ಟ್ಯಾಂಕಿಗೆ ಬರುವ ಬೀಡುಕಬ್ಬಿಣದ ಏರು ಕೊಳವೆ, ಅಲ್ಲಿಂದ ಓಣಿಗಳಿಗೆ ಹೋಗುವ ಎ.ಸಿ. (ಆಸ್ಬೆಸ್ಟಾಸ್ ಸಿಮೆಂಟು) ಪೈಪು, ಎರಡೂ ನನಗಿಂತ ಹಿರಿಯವು. ಅವನ್ನು ಬದಲಿಸಲು ಬೇಕಾದ ಮಂಜೂರಾತಿಗಳನ್ನೆಲ್ಲ ತರುವ ಕೆಲಸ ನನ್ನ ಪಾಲಿಗೆ ಬಂತು.

'ಬದಲಿಸುವುದು' ಅಂದರೆ ಹಳೆಯದನ್ನು ಅಗೆದು ತೆಗೆಯುವುದು ಎಂದು ಜನ ತಿಳಿದಿರುತ್ತಾರೆ. ಎ.ಸಿ. ಪೈಪನ್ನು ನಾವು ತೆಗೆಯಲಿಲ್ಲ. ಅದರಲ್ಲಿರುವುದು ಆಸ್ಬೆಸ್ಟಾಸ್, ಕೊಯ್ಯುವಾಗ ಏಳುವ ಧೂಳು ಕೂಲಿಯವರ ಶ್ವಾಸಕೋಶಕ್ಕೆ ಇಳಿಯುತ್ತದೆ. ತುದಿ ಮುಚ್ಚಿ ನೆಲದಲ್ಲೇ ಬಿಟ್ಟು, ಪಕ್ಕದಲ್ಲಿ ಹೊಸದು ಹಾಕುವುದು. ಇದನ್ನು ಅಂದಾಜು ಪಟ್ಟಿಯಲ್ಲಿ ಬರೆಯದೇ ಹೋಗಿದ್ದಕ್ಕೆ ಮೊದಲ ಆಕ್ಷೇಪಣೆ ಬಂತು: 'ಹಳೆಯ ಪೈಪಿನ ಗುಜರಿ ಮೌಲ್ಯವನ್ನು ಏಕೆ ಕಳೆದಿಲ್ಲ?'

ಮೊದಲು ಮಾಡಿದ್ದು ಸೋರಿಕೆಯ ಲೆಕ್ಕ. 'ಪೈಪು ಹಳೆಯದಾಗಿದೆ' ಎಂದು ಬರೆದರೆ ಬೆಂಗಳೂರಿನ ತಾಂತ್ರಿಕ ಸಮಿತಿ ಹಣ ಕೊಡುವುದಿಲ್ಲ. ಘಟಕದ ಬಲ್ಕ್ ಮೀಟರು ಕೆಟ್ಟು ಎಷ್ಟೋ ವರ್ಷವಾಗಿತ್ತು. ಹಾಗಾಗಿ ಒಂದು ರಾತ್ರಿ ನಮ್ಮ ವಾಲ್ವ್‌ಮನ್ ಜೊತೆ ಟೇಪು ಹಿಡಿದು ನಿಂತೆ. ಟ್ಯಾಂಕಿನ ಹೊರವಾಲ್ವ್ ಬಂದ್, ದಾರಿಯ ಕವಲುಗಳೆಲ್ಲ ಬಂದ್. ಎರಡು ಗಂಟೆ ಪಂಪು ಓಡಿಸಿ, ಘಟಕದ ಸಂಪಿನಲ್ಲಿ ನೀರು ಎಷ್ಟು ಇಳಿಯಿತು, ಟ್ಯಾಂಕಿನಲ್ಲಿ ಎಷ್ಟು ಏರಿತು ಅಂತ ಅಳೆದೆವು. ಇಳಿದಷ್ಟು ಏರಬೇಕಲ್ಲ, ಏರಲಿಲ್ಲ. 'ಇದನ್ನ ಅಳೀಬೇಕಾ ಸಾಹೇಬ್ರೆ, ರೈಲ್ವೆ ಗೇಟಿನ ಹತ್ರ ಹೋಗಿ ನೋಡಿ, ಬೇಸಿಗೇಲೂ ಜೊಂಡು ಬೆಳ್ದೈತೆ' ಅಂದ ಅವನು. ಜೊಂಡಿನ ಫೋಟೋವನ್ನೂ ವರದಿಗೆ ಲಗತ್ತಿಸಿದೆ. ಮೂರು ರಾತ್ರಿ ಹೀಗೆ ಅಳೆದ ಹಾಳೆ ಮುಂದೆ ಎಲ್ಲ ಕಡತಗಳಿಗೂ ಆಧಾರವಾಯಿತು.

ಇನ್ನೊಂದು ಆಧಾರವನ್ನು ಜೀಪಿನಲ್ಲಿ ಹಾಕಿಕೊಂಡು ಬೆಂಗಳೂರಿಗೆ ಒಯ್ದೆ. ಹಿಂದೆ ಒಡೆದಾಗ ಕೊಯ್ದಿಟ್ಟಿದ್ದ ಏರು ಕೊಳವೆಯ ಒಂದು ಅಡಿ ತುಂಡು. ಹೊರಗಿನಿಂದ 300 ಮಿ.ಮೀ. ಪೈಪು, ಒಳಗೆ ತುಕ್ಕು ಗಂಟುಗಂಟಾಗಿ ಬೆಳೆದು ಅಂಗೈ ತೂರಿಸಿದರೆ ಕಚ್ಚುತ್ತಿತ್ತು. ಪೈಪಿನ ಒಳಮೈ ಎಷ್ಟು ನುಣುಪು ಎಂಬುದಕ್ಕೆ ಹೇಜನ್–ವಿಲಿಯಮ್ಸ್ ಸೂತ್ರದಲ್ಲಿ 'ಸಿ' ಎಂಬ ಅಂಕಿ ಇದೆ, ಹೆಚ್ಚಿದ್ದಷ್ಟೂ ನೀರು ಸಲೀಸು. ಹೊಸ ಬೀಡುಕಬ್ಬಿಣಕ್ಕೆ ಅದನ್ನು 130 ಹಿಡಿಯುತ್ತಾರೆ, ಒಳಗೆ ಸಿಮೆಂಟು ಲೇಪವಿರುವ ಡಿ.ಐ. (ಡಕ್ಟೈಲ್ ಐರನ್, ಸುಲಭವಾಗಿ ಒಡೆಯದ ಕಬ್ಬಿಣ) ಪೈಪಿಗೆ 140. ನಮ್ಮದರಲ್ಲಿ ಎಷ್ಟು ಉಳಿದಿರಬಹುದು ಎಂದು ಸಮಿತಿ ಕೇಳಿತು. ತುಂಡನ್ನು ಮೇಜಿನ ಮೇಲಿಟ್ಟೆ. ಮೇಜುಬಟ್ಟೆ ಕೆಂಪಾಯಿತು, ಆ ಪ್ರಶ್ನೆ ಅಲ್ಲಿಗೇ ನಿಂತಿತು.

ಸಮಿತಿಯ ಉಳಿದ ಪ್ರಶ್ನೆಗಳು ನ್ಯಾಯವಾದವೇ. ತಲೆಗೆ ದಿನಕ್ಕೆ 135 ಲೀಟರು, ಮೂವತ್ತು ವರ್ಷದ ಮುಂದಿನ ಜನಸಂಖ್ಯೆ, ಎರಡಂತಸ್ತಿನ ಮನೆಗೆ 12 ಮೀಟರ್ ಒತ್ತಡ (ನೀರು ಅಷ್ಟೆತ್ತರ ಏರುವಷ್ಟು), ಇವೆಲ್ಲ ನೀರು ಸರಬರಾಜಿಗೆ ಕೇಂದ್ರ ಸರ್ಕಾರದ ಆಗಿನ ಕೈಪಿಡಿಯಲ್ಲಿದ್ದ ಅಂಕಿಗಳು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ನಾನು ಅಂದಾಜಿನಲ್ಲಿ ಎಲ್ಲ ಕಡೆಗೂ ದಪ್ಪ ಗೋಡೆಯ ಕೆ-9 ದರ್ಜೆಯ ಡಿ.ಐ. ಪೈಪು ಹಾಕಿದ್ದೆ. 'ತೆಳು ಗೋಡೆಯ ಕೆ-7 ಏಕೆ ಸಾಲದು?' ಎಂದು ಒಬ್ಬರು ಕೇಳಿದರು. ಕೂತು ಲೆಕ್ಕ ಹಾಕಿದರೆ ಲಾರಿ ಓಡುವ ರಸ್ತೆಯಡಿ ಬಿಟ್ಟು ಉಳಿದೆಡೆ ಸಾಲುತ್ತಿತ್ತು. ಅಂದಾಜು ಇಳಿಯಿತು. ಆ ದಿನ ಸಿಟ್ಟು ಬಂದಿತ್ತು. ಈಗ ಬೇರೆಯವರ ಡಿ.ಪಿ.ಆರ್. (ವಿವರವಾದ ಯೋಜನಾ ವರದಿ) ನೋಡುವಾಗ ನಾನೂ ಮೊದಲು ಅದನ್ನೇ ಕೇಳುತ್ತೇನೆ.

ಕೈಪಿಡಿಯ ಒಂದು ಸಾಲು ಮಾತ್ರ ನಿದ್ದೆ ಕೆಡಿಸಿತು. ನೀರಿನ ಪೈಪಿಗೂ ಒಳಚರಂಡಿಗೂ ಅಡ್ಡಕ್ಕೆ 3 ಮೀಟರ್ ಅಂತರ ಬೇಕು. ನಮ್ಮ ಹಳೇಪೇಟೆಯ ಓಣಿಗಳ ಅಗಲವೇ ಎಂಟಡಿ, ಎರಡೂ ಬದಿಗೆ ಮೋರಿ. ಅಡ್ಡಕ್ಕೆ ಸಿಗದ ಅಂತರವನ್ನು ಎತ್ತರದಲ್ಲಿ ಕೊಡುತ್ತೇವೆಂದು ಓಣಿ ಓಣಿಯ ಅಡ್ಡಸೀಳು ನಕ್ಷೆ ಬರೆದೆವು: ನೀರಿನ ಪೈಪಿನ ತಳ ಒಳಚರಂಡಿಯ ನೆತ್ತಿಗಿಂತ ಅರ್ಧ ಮೀಟರ್ ಮೇಲೆ. ಡಿ.ಐ. ಪೈಪು 5.5 ಮೀಟರ್ ಉದ್ದ ಬರುತ್ತದೆ. ಚರಂಡಿ ದಾಟುವಲ್ಲಿ ಪೈಪಿನ ನಡು ಬರಬೇಕು, ಜೋಡಣೆ ಎರಡೂ ಕಡೆ ದೂರ ಉಳಿಯಬೇಕು. ಈ ನಕ್ಷೆಗಳಿಲ್ಲದೆ 'ಸ್ಥಳಾವಕಾಶವಿಲ್ಲ' ಎಂದಷ್ಟೇ ಬರೆದಿದ್ದರೆ ಕಡತ ಖಂಡಿತ ವಾಪಸು ಬರುತ್ತಿತ್ತು.

ನಗರಸಭೆಯ ಸಾಮಾನ್ಯ ಸಭೆಯಲ್ಲಿ ಠರಾವು ಬೇಕಿತ್ತು. ಹಿಂದಿನ ವರ್ಷವಷ್ಟೇ ಕಾಂಕ್ರೀಟು ಹಾಕಿಸಿಕೊಂಡ ವಾರ್ಡಿನ ಸದಸ್ಯರು ಎದ್ದು ನಿಂತು, 'ರಸ್ತೆ ಅಗೆಯೋದಾದ್ರೆ ನನ್ನ ಹೆಣದ ಮೇಲೆ ಅಗೀರಿ' ಎಂದರು. ಹಿರಿಯ ಸದಸ್ಯೆಯೊಬ್ಬರು, 'ಹುಬ್ಬಳ್ಳಿಯಾಗೆ ಇಪ್ಪತ್ನಾಲ್ಕು ಗಂಟೆ ನೀರು ಬರುತ್ತಂತಲ್ಲಪ್ಪ, ನಮಗೆ?' ಎಂದು ಕೇಳಿದರು. ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಲಯಗಳಲ್ಲಿ 2008ರಲ್ಲೇ ಅದನ್ನು ಮಾಡಿ ತೋರಿಸಿದ್ದರು. ನಾನು ಆಸೆ ಹುಟ್ಟಿಸುವ ಉತ್ತರ ಕೊಡಲಿಲ್ಲ. 'ಮೊದಲು ದಿನ ಬಿಟ್ಟು ದಿನ, ಒಂದೇ ಹೊತ್ತಿಗೆ' ಅಂದೆ. ಐದು ದಿನಕ್ಕೊಮ್ಮೆ ನೀರು ಹಿಡಿಯುತ್ತಿದ್ದ ಊರಿಗೆ ಅದು ಸಾಕಾಗಿತ್ತು. ರಸ್ತೆ ದುರಸ್ತಿಯ ಬಾಬ್ತು ಯೋಜನೆಯಲ್ಲೇ ಇದೆ ಎಂದು ಪುಟ ತೆಗೆದು ಓದಿದ ಮೇಲೆ ಠರಾವು ಪಾಸಾಯಿತು.

ರಸ್ತೆ ಅಗೆತಕ್ಕೆ ಹೆದ್ದಾರಿಯವರಿಗೆ ಬ್ಯಾಂಕ್ ಗ್ಯಾರಂಟಿ ಕೊಟ್ಟೆವು. ಸಾಲುಮರಗಳಿಗೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರದ ಅಧಿಕಾರಿಗೆ ಅರ್ಜಿ ಹಾಕುವ ಬದಲು ಪೈಪನ್ನೇ ರಸ್ತೆಯ ಆಚೆ ಬದಿಗೆ ಸರಿಸಿದೆವು. ಒಟ್ಟು 18 ಕಿ.ಮೀ. ಪೈಪಿಗೆ ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ ಎಲ್ಲ ಸೇರಿ ಐದು ತಿಂಗಳು. ನಾನು ಬೀಗಿದೆ, ಟೆಂಡರಿಗೂ ಅವಸರ ಮಾಡಿದೆ.

ಉಳಿದದ್ದು ರೈಲು ಹಳಿಯ ಕೆಳಗಿನ 40 ಮೀಟರ್.

ಅರ್ಜಿಯ ಜೊತೆ ಕೊಟ್ಟ ನಕ್ಷೆಯಲ್ಲಿ ದಾಟುವ ಜಾಗವನ್ನು ನಮ್ಮ ಪೈಪಿನ ಚೈನೇಜ್‌ನಲ್ಲಿ ಗುರುತಿಸಿದ್ದೆ: ಘಟಕದಿಂದ ಇಷ್ಟು ಮೀಟರ್ ಅಂತ. ರೈಲ್ವೆಯವರಿಗೆ ನಮ್ಮ ಘಟಕ ಎಲ್ಲಿದ್ದರೇನು? ಅವರ ಲೋಕದಲ್ಲಿ ಜಾಗವೆಂದರೆ ಅವರ ಕಿಲೋಮೀಟರ್ ಕಲ್ಲು ಮತ್ತು ವಿದ್ಯುತ್ ತಂತಿಯ ಕಂಬದ ನಂಬರು. ಎರಡು ತಿಂಗಳ ಮೇಲೆ ಅರ್ಜಿ 'ಸ್ಥಳ ಸ್ಪಷ್ಟವಿಲ್ಲ' ಎಂಬ ಷರಾದೊಂದಿಗೆ ಮರಳಿತು. ತಪ್ಪು ನನ್ನದೇ.

ಆ ಸೆಕ್ಷನ್‌ನ ಇಂಜಿನಿಯರ್ ಜೊತೆ ಜಂಟಿ ಸ್ಥಳ ಪರಿಶೀಲನೆಗೆ ಹೋದೆ. ಬೆಳಗ್ಗೆ ಏಳಕ್ಕೇ ಹಳಿಯ ಪಕ್ಕದ ಜಲ್ಲಿ ಕಾದಿತ್ತು. ಅವರು ಕಂಬಗಳ ಮೇಲಿನ ಬಿಳಿ ಅಂಕಿ ಓದುತ್ತ ಮುಂದೆ, ನಾನು ಜಿ.ಪಿ.ಎಸ್. ಹಿಡಿದು ಹಿಂದೆ. ನನ್ನ ನಕ್ಷೆ ಹೇಳಿದ ಜಾಗಕ್ಕೆ ಬಂದು ನೋಡಿದರೆ ನಮ್ಮ ಪೈಪು ಹೊರಬರಬೇಕಾದ ಬಿಂದುವಿನ ಮೇಲೇ ಒಂದು ಕಂಬ ನಿಂತಿದೆ! ನಮ್ಮ ಸರ್ವೆ ಆದಾಗ ಆ ಮಾರ್ಗ ಇನ್ನೂ ಡೀಸೆಲ್ಲಿನದು, ಆಮೇಲೆ ವಿದ್ಯುದೀಕರಣವಾಗಿತ್ತು. 'ಸರ್, ನಿಮ್ಮ ನಕ್ಷೆಗೆ ಎಷ್ಟು ವರ್ಷ?' ಎಂದು ಅವರು ನಗದೇ ಕೇಳಿದರು. ನಾನು ಕಂಬದ ನಂಬರು ಬರೆದುಕೊಂಡೆ. ಆರು ಮೀಟರ್ ಸರಿದು ಹೊಸ ನಕ್ಷೆ ಬಂತು.

ಅಲ್ಲಿಂದ ಮುಂದೆ ಸಿಗ್ನಲ್ ವಿಭಾಗ, ವಿದ್ಯುತ್ ವಿಭಾಗ, ಹಳಿ ವಿಭಾಗ, ಒಂದೊಂದರ ಸಹಿ. ಸಿಗ್ನಲ್ಲಿನವರು ನೆಲದೊಳಗಿನ ಕೇಬಲ್ ಎಲ್ಲಿದೆ ಎಂದು ಗುರುತು ಮಾಡುವವರೆಗೆ ಸಹಿ ಹಾಕಲಿಲ್ಲ. ಅದು ಕಡಿದರೆ ರೈಲೇ ನಿಲ್ಲುತ್ತದೆ. ನೀರಿನ ಪೈಪು ನೇರ ಮಣ್ಣಿನಲ್ಲಿರಬಾರದು, ಉಕ್ಕಿನ ಕವಚದ ಪೈಪಿನೊಳಗೆ ಹೋಗಬೇಕು. ಇದರ ಅರ್ಥ ನನಗೆ ಆ ಜೊಂಡು ನೆನಪಾದಾಗ ಸರಿಯಾಗಿ ಹೊಳೆಯಿತು: ಒಳಗಿನದು ಒಡೆದರೆ ನೀರು ಕವಚದ ತುದಿಯಿಂದ ಹೊರಬರಬೇಕೇ ಹೊರತು ಹಳಿಯ ದಿಬ್ಬವನ್ನು ಕೊರೆಯಬಾರದು. ಎರಡೂ ಬದಿಗೆ ವಾಲ್ವ್ ಇರಲೇಬೇಕೆಂಬ ಷರತ್ತೂ ಅದಕ್ಕೇ.

ಇಷ್ಟರಲ್ಲಿ ಗುತ್ತಿಗೆದಾರ ಪೈಪು ತಂದು ರಸ್ತೆ ಬದಿಗೆ ಪೇರಿಸಿದ್ದ. ಮಕ್ಕಳು ಅದರೊಳಗೆ ಕೂಗಿ ಪ್ರತಿಧ್ವನಿ ಕೇಳುತ್ತಿದ್ದವು, ಮೇಕೆಗಳು ನೆರಳಿಗೆ ಮಲಗುತ್ತಿದ್ದವು. ಜೋಡಣೆಯ ರಬ್ಬರ್ ರಿಂಗುಗಳನ್ನೂ ಬಿಸಿಲಿನಲ್ಲೇ ಬಿಟ್ಟಿದ್ದ. ಕೆಲವು ಬಿರುಕು ಬಿಟ್ಟಿದ್ದವು, ಅಷ್ಟನ್ನೂ ತಿರಸ್ಕರಿಸಿದೆ. ಅವನು ದರ ಹೆಚ್ಚಿಸಿ ಎಂದು ಪತ್ರದ ಮೇಲೆ ಪತ್ರ ಬರೆದ. ರೈಲ್ವೆ ಅನುಮತಿ ಕೈಗೆ ಬರುವ ಮುಂಚೆ ಟೆಂಡರಿಗೆ ಹೋಗಿದ್ದರ ಬೆಲೆ ಅದು. ಈಗ ನಾನು ರೈಲ್ವೆ ಅರ್ಜಿಯನ್ನು ಡಿ.ಪಿ.ಆರ್. ಕರಡಿನ ದಿನವೇ ಹಾಕುತ್ತೇನೆ, ಕಂಬದ ನಂಬರು ಸಮೇತ.

ಹದಿಮೂರನೇ ತಿಂಗಳು ಪತ್ರ ಬಂತು. ರೈಲ್ವೆ ಮೇಲ್ವಿಚಾರಕರ ಎದುರಿನಲ್ಲಿ ಜಾಕಿಯಿಂದ ಕವಚವನ್ನು ಇಂಚಿಂಚು ತಳ್ಳಿದೆವು. ಗೂಡ್ಸ್ ಗಾಡಿ ಮೇಲೆ ಹೋಗುವಾಗ ಕೆಲಸ ನಿಲ್ಲಿಸಿ ಗುಂಡಿಯಿಂದ ಹೊರಗೆ ಬರುವುದು, ಮತ್ತೆ ಇಳಿಯುವುದು. ಪೂರ್ತಿ ಮಾರ್ಗಕ್ಕೆ ಕೆಲಸದ ಒತ್ತಡದ ಒಂದೂವರೆಪಟ್ಟು ಒತ್ತಡ ಹಾಕಿ ಪರೀಕ್ಷೆ ಮಾಡಿ, ಕ್ಲೋರಿನ್ ನೀರು ತುಂಬಿ ಒಂದು ದಿನ ನಿಲ್ಲಿಸಿ ತೊಳೆದೆವು. 100 ಮಿ.ಲೀ. ನೀರಿನಲ್ಲಿ ಕೋಲಿಫಾರ್ಮ್ ಇಲ್ಲ ಎಂಬ ಪ್ರಯೋಗಾಲಯದ ವರದಿ ಬಂದ ರಾತ್ರಿ ಹಳೆಯ ಮಾರ್ಗ ಬಂದ್ ಮಾಡಿ ಹೊಸದಕ್ಕೆ ಜೋಡಣೆ ಕೊಟ್ಟೆವು.

ಕಾಮಗಾರಿ ಮುಗಿದ ಮೇಲಿನ ನಕ್ಷೆಯಲ್ಲಿ ಆ ಜಾಗಕ್ಕೆ ಎರಡು ಗುರುತು ಬರೆಸಿದ್ದೇನೆ: ಒಂದು ನಮ್ಮ ಚೈನೇಜ್, ಇನ್ನೊಂದು ರೈಲ್ವೆ ಕಂಬದ್ದು. ವಾಲ್ವ್‌ಮನ್ ಮಾತ್ರ ಇವತ್ತಿಗೂ ಆ ವಾಲ್ವಿಗೆ 'ಜೊಂಡಿನ ವಾಲ್ವ್' ಅಂತಲೇ ಅನ್ನುತ್ತಾನೆ. ಜೊಂಡು ಒಣಗಿ ಎರಡು ಬೇಸಿಗೆ ಆಯಿತು.