ಎದುರಿಗಲ್ಲ, ಪಕ್ಕದಲ್ಲಿ ಕೂತು ಓದಿಸಿ

ನಾಲ್ಕು ವರ್ಷದಿಂದ ಪ್ರತಿ ಶನಿವಾರ ಬೆಳಿಗ್ಗೆ ಬೆಂಗಳೂರಿನ ಅಂಚಿನ ಒಂದು ಸರ್ಕಾರಿ ಶಾಲೆಗೆ ಹೋಗುತ್ತೇನೆ. ಅಲ್ಲಿನ ಎಷ್ಟೋ ಮಕ್ಕಳ ಅಪ್ಪ ಅಮ್ಮ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ನಿಮಗೂ ಇಂಥ ಮಕ್ಕಳಿಗೆ ಓದಿಸುವ ಆಸೆ ಇದ್ದರೆ ಇದು ನಿಮಗೆ.

ಮೊದಲು ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆಯಿರಿ. ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರಿಗೂ (ಎಸ್‌ಡಿಎಂಸಿ) ವಿಷಯ ಗೊತ್ತಿರಲಿ. ಯಾವ ಮಗುವಿಗೆ ಸಹಾಯ ಬೇಕು ಅನ್ನೋದನ್ನ ಕ್ಲಾಸ್ ಟೀಚರೇ ಹೇಳಲಿ. ಒಂದು ಸಲಕ್ಕೆ ಇಬ್ಬರು, ಮೂವರು ಸಾಕು. ಎಲ್ಲರ ಕಣ್ಣಿಗೆ ಬೀಳುವ ಕಡೆ ಕೂತುಕೊಳ್ಳಿ. ನಾನು ಜಗಲಿಯಲ್ಲಿ ಚಾಪೆ ಹಾಸುತ್ತೇನೆ. ಎದುರಿಗೆ ಕೂತರೆ ಮಗುವಿಗೆ ಪರೀಕ್ಷೆ ಅನ್ನಿಸುತ್ತೆ, ಅದಕ್ಕೇ ಪಕ್ಕದಲ್ಲಿ. ಮೊದಲ ದಿನ ನೀವೇ ಓದಿ, ಸಾಲಿನ ಕೆಳಗೆ ಬೆರಳು ಆಡಿಸುತ್ತಾ.

ಯಾವ ಕ್ಲಾಸು ಅನ್ನೋದು ಮುಖ್ಯ ಅಲ್ಲ. 'ಮರ', 'ಕಮಲ' ಓದಿಸಿ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ. ಎಲ್ಲಿ ತಡವರಿಸುತ್ತೋ ಅಲ್ಲಿಂದ ಶುರು ಮಾಡಿ. 'ಅಕ್ಕ', 'ಅಮ್ಮ' ಬೇಗ ಬರುತ್ತೆ. ಅರ್ಕಾವತ್ತು, ಅಂದರೆ 'ರ್' ಸದ್ದಿಗೆ ಅಕ್ಷರದ ಪಕ್ಕ ಹಾಕುವ ಗುರುತು, ಕಷ್ಟ. ಒಬ್ಬ ಹುಡುಗಿ 'ಸೂರ್ಯ'ವನ್ನು 'ಸೂಯ್ರ' ಅಂತ ಓದಿದಳು. ಪಾಪ, ಬರೆದ ಕ್ರಮದಲ್ಲೇ ಓದಿದ್ದಾಳೆ ಅಲ್ವಾ? ಅರ್ಕಾವತ್ತು ಬರೆಯೋದು ಕೊನೆಗೆ, ಉಚ್ಚರಿಸೋದು ಮೊದಲು. ಸೀಮೆಸುಣ್ಣದಲ್ಲಿ ನೆಲದ ಮೇಲೆ 'ಸೂರ್ಯ', 'ವರ್ಷ', 'ಖರ್ಚು' ಬರೆದು, ಅರ್ಕಾವತ್ತಿನಿಂದ ಹಿಂದಕ್ಕೆ ಒಂದು ಬಾಣ ಎಳೆದೆ. 'ಖರ್ಚು' ಬರುವಷ್ಟರಲ್ಲಿ ಬಾಣ ತಾನೇ ಎಳೆದಳು.

ತಿದ್ದುವ ಆತುರ ಬೇಡ. ಇದನ್ನು ನಾನು ನೋವಿನಿಂದ ಕಲಿತೆ. ಪುಸ್ತಕದಲ್ಲಿ 'ಅಪ್ಪ ಸಂತೆಗೆ ಹೋಗಿದ್ದಾನೆ' ಅಂತ ಇತ್ತು. ಮೂರನೇ ಕ್ಲಾಸಿನ ಹುಡುಗ 'ಅಪ್ಪ ಸಂತಿಗೆ ಹೋಗ್ಯಾನ' ಅಂದ. ನಾನು ಮೈಸೂರು ಕಡೆಯವಳು, ಮೂರು ಸಲ ತಿದ್ದಿದೆ. ಅವನು ಪುಸ್ತಕ ಮುಚ್ಚಿಟ್ಟ. ಆ ದಿನ ಮತ್ತೆ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು: ಅವನು ಸಾಲನ್ನು ಅರ್ಥ ಮಾಡಿಕೊಂಡು ತನ್ನ ಮನೆಮಾತಿಗೆ ತಿರುಗಿಸಿದ್ದ. ಅರ್ಥ ಆಗದೆ ಹಾಗೆ ತಿರುಗಿಸಲು ಆಗುತ್ತಾ? ಮುಂದಿನ ವಾರ ಕೇಳಿದೆ, "ನಿಮ್ಮೂರಾಗ ಹೆಂಗ ಅಂತಾರ? ಪುಸ್ತಕದಲ್ಲಿ ಹೇಗೆ ಬರೆದಿದ್ದಾರೆ?" ಎರಡನ್ನೂ ಹೇಳಿದ, ನಗುತ್ತಾ.

ಮಗು ಒಂದು ಪದದ ಹತ್ತಿರ ನಿಂತರೆ ಮನಸ್ಸಲ್ಲೇ ಐದು ಎಣಿಸಿ, ಆಮೇಲೆ ಸಹಾಯ ಮಾಡಿ.

ಪುಸ್ತಕಕ್ಕೆ ಖರ್ಚು ಬೇಕಿಲ್ಲ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಹಂತ ನೋಡಿ ಆರಿಸಿ. ಒಂದನೇ ಹಂತದಲ್ಲಿ ಚಿತ್ರ ಜಾಸ್ತಿ, ಮಾತು ಕಡಿಮೆ.

ಬರಲು ಆಗದಿದ್ದರೆ ಹಿಂದಿನ ವಾರವೇ ಮಕ್ಕಳಿಗೆ ಹೇಳಿ, ಅವರು ಕಾಯುತ್ತಾರೆ. ಇನ್ನೊಂದು ಮಾತು. ಕಟ್ಟಡ ಮುಗಿದರೆ ಇಡೀ ಮನೆಯೇ ರಾತ್ರೋರಾತ್ರಿ ಬೇರೆ ಕಡೆ ಹೋಗಿಬಿಡುತ್ತೆ. 'ಹೋಗ್ಯಾನ' ಅಂದ ಆ ಹುಡುಗನೂ ಹಾಗೇ ಹೋದ, ನಮ್ಮ ಕಥೆ ಅರ್ಧದಲ್ಲಿತ್ತು. ಈಗ ನಾನು ಒಂದೇ ಸಲಕ್ಕೆ ಮುಗಿಯುವ ಕಥೆಗಳನ್ನೇ ಒಯ್ಯುತ್ತೇನೆ.