ಜೋಗದಲ್ಲಿ ಅಲ್ಲಾಡಿದ ಟ್ರೈಪಾಡು, ಆಮೇಲೆ ತಗೊಂಡ ರಿಮೋಟು

ನನ್ನ ಮೊದಲ್ನೇ ಟ್ರೈಪಾಡು ಸಾವಿರದ ಇನ್ನೂರು ರೂಪಾಯಿದು, ಜೊತೆಗೆ ಮೊಬೈಲ್ ಸಿಕ್ಕಿಸೋ ಕ್ಲಿಪ್ ಒಂದು ಫ್ರೀ. ಡಬ್ಬದ ಮೇಲೆ 5 ಕೆಜಿ ತಡೆಯುತ್ತೆ ಅಂತ ಬರೆದಿತ್ತು, ನನ್ನ ಕ್ಯಾನನ್ 1500ಡಿ ಕಿಟ್ ಲೆನ್ಸ್ ಸೇರಿಸಿದ್ರೂ ಮುಕ್ಕಾಲು ಕೆಜಿ ದಾಟಲ್ಲ, ಇನ್ನೇನ್ ಬೇಕು ಅಂದ್ಕೊಂಡು ಬಿಟ್ಟೆ. ಆಗಸ್ಟಲ್ಲಿ ರಾತ್ರಿ ರೈಲಲ್ಲಿ ತಾಳಗುಪ್ಪಕ್ಕೆ ಇಳಿದು ಬೆಳಗ್ಗೆನೇ ಜೋಗಕ್ಕೆ ಹೋದೆ. ರಾಜ ರಾಣಿ ರೋರರ್ ರಾಕೆಟ್ ನಾಲ್ಕೂ ಒಂದೇ ಆಗಿ ಬೀಳ್ತಿತ್ತು, ನೀರು ಹಾಲಿನ ಥರ ನುಣ್ಣಗೆ ಬರ್ಲಿ ಅಂತ ಐಎಸ್‌ಓ 100, ಅಪರ್ಚರ್ 16, ಶಟರ್ ಅರ್ಧ ಸೆಕೆಂಡು ತೆರೆದಿರೋ ಹಾಗೆ ಇಟ್ಟು ಅರವತ್ತು ಫೋಟೋ ಹೊಡೆದೆ. ಕ್ಯಾಮೆರಾ ಸ್ಕ್ರೀನಲ್ಲಿ ಎಲ್ಲಾ ಚೆನ್ನಾಗೇ ಕಾಣ್ತಿತ್ತು. ಮನೆಗೆ ಬಂದು ಲ್ಯಾಪ್‌ಟಾಪಲ್ಲಿ ಜೂಮ್ ಮಾಡಿ ನೋಡಿದ್ರೆ ನೀರಷ್ಟೇ ಅಲ್ಲ, ಬಂಡೆನೂ ಹಾಲಿನ ಥರನೇ ಇದೆ.

ಮೊದ್ಲು ಬೈದಿದ್ದು ಲೆನ್ಸಿಗೆ. ಮಲೆನಾಡ ಮಳೆಗೆ ಫಂಗಸ್ ಬಂದಿರ್ಬೇಕು ಅಂತ ಟಾರ್ಚ್ ಬಿಟ್ಟು ನೋಡಿದ್ದೂ ಆಯ್ತು, ಏನೂ ಇಲ್ಲ. ಕೊನೆಗೆ ಒಂದು ಭಾನುವಾರ ಮನೆ ಗೋಡೆ ಮೇಲಿರೋ ಕ್ಯಾಲೆಂಡರ್ ಮುಂದೆ ಟ್ರೈಪಾಡ್ ನಿಲ್ಲಿಸಿ, ಲೈವ್ ವ್ಯೂ, ಅಂದ್ರೆ ಲೆನ್ಸಿಗೆ ಕಾಣೋದು ನೇರ ಸ್ಕ್ರೀನಲ್ಲೇ ಬರೋದು, ಆನ್ ಮಾಡಿ, 10 ಪಟ್ಟು ದೊಡ್ಡದು ಮಾಡಿ ತಾರೀಖಿನ ಮೇಲೆ ಫೋಕಸ್ ಇಟ್ಟೆ. ಟ್ರೈಪಾಡ್ ಕಾಲನ್ನ ಬೆರಳಲ್ಲಿ ಸುಮ್ನೆ ಒಂದು ಸಲ ತಟ್ಟಿದೆ ಅಷ್ಟೇ, ಕ್ಯಾಲೆಂಡರಿನ 14 ಅನ್ನೋ ಅಂಕೆ ಜಾತ್ರೆ ತೊಟ್ಟಿಲ ಥರ ಆ ಕಡೆ ಈ ಕಡೆ ತೂಗಕ್ಕೆ ಶುರು ಆಯ್ತು. ಎಣಿಸಿದೆ, ನಿಲ್ಲಕ್ಕೆ ಐದು ಸೆಕೆಂಡು ಬೇಕಾಯ್ತು. ಅಂದ್ರೆ 2 ಸೆಕೆಂಡ್ ಟೈಮರ್ ಹಾಕಿದ್ರೂ ಶಟರ್ ತೆರೆಯೋವಾಗ ಇದು ಇನ್ನೂ ಕುಣೀತಾನೇ ಇರುತ್ತೆ! ಜೋಗದಲ್ಲಿ ನಾನು ಟೈಮರೂ ಹಾಕಿರ್ಲಿಲ್ಲ, ಬೆರಳಲ್ಲೇ ಒತ್ತಿದ್ದು, ಮೇಲಿಂದ ಗಾಳಿ ಬೇರೆ.

ಈ ತಟ್ಟಿ ನೋಡೋ ಪರೀಕ್ಷೆ ಇದೆಯಲ್ಲ, ಟ್ರೈಪಾಡ್ ತಗೊಳೋಕೆ ನಂಗೆ ಕೆಲಸಕ್ಕೆ ಬಂದಿದ್ದು ಇದೊಂದೇ. ಎರಡನೇ ಸಲ ಕ್ಯಾಮೆರಾ ಹಿಡ್ಕೊಂಡೇ ಅಂಗಡಿಗೆ ಹೋದೆ, ನಾಲ್ಕೈದು ಟ್ರೈಪಾಡ್ ನಿಲ್ಲಿಸಿ ಎಲ್ಲದರ ಕಾಲೂ ತಟ್ಟಿದೆ, ಅಂಗಡಿಯವ್ರು ಹುಚ್ಚ ಇರ್ಬೇಕು ಇವನು ಅನ್ನೋ ಥರ ನೋಡಿದ್ರು, ನೋಡ್ಲಿ. ಡಬ್ಬದ ಮೇಲಿನ ಕೆಜಿ ಲೆಕ್ಕ ನಂಬೋದು ಬಿಟ್ಬಿಟ್ಟಿದೀನಿ, ಅದು ಮುರಿಯಲ್ಲ ಅನ್ನೋಕೆ ಹೇಳೋದು, ಅಲ್ಲಾಡಲ್ಲ ಅಂತಲ್ಲ.

ಕಾಲು ಐದು ಭಾಗವಾಗಿ ಮಡಚೋದು ತುಂಬಾ ಚಿಕ್ಕದಾಗುತ್ತೆ, ನೋಡಕ್ಕೆ ಆಸೆ ಆಗುತ್ತೆ, ಆದ್ರೆ ಕೊನೇ ಭಾಗ ಪೆನ್ಸಿಲ್ ದಪ್ಪ ಇರುತ್ತೆ, ಅದನ್ನ ಎಳೆದು ನಿಲ್ಲಿಸಿದ್ರೆ ಮತ್ತೆ ಅದೇ ತೊಟ್ಟಿಲು. ನಾನು ನಾಲ್ಕು ಭಾಗದ್ದು ತಗೊಂಡೆ. ಕಾರ್ಬನ್ ಫೈಬರ್ ಮುಟ್ಟಿ ನೋಡಿ ಬೆಲೆ ಕೇಳಿ ವಾಪಸ್ ಇಟ್ಟೆ, ಅಲ್ಯೂಮಿನಿಯಮ್ಮೇ ಸಾಕು, 1.4 ಕೆಜಿ, ಏಳು ಸಾವಿರ ಚಿಲ್ಲರೆ ಆಯ್ತು. ಕಾಲುಗಳು ಮೇಲ್ಮುಖವಾಗಿ ತಿರುಗಿ ಕ್ಯಾಮೆರಾ ಕೂರೋ ಹೆಡ್ಡನ್ನ ಒಳಗೆ ಸೇರಿಸ್ಕೊಂಡು ಮಡಚುತ್ತೆ, ಹಾಗಾಗಿ 42 ಸೆಂಟಿಮೀಟರಿಗೆ ಬರುತ್ತೆ. ಈ ಅಳತೆ ಮುಖ್ಯ, ಯಾಕಂದ್ರೆ ಹೋಗೋ ಮುಂಚೆ ನನ್ನ ಬ್ಯಾಗಿನ ಒಳಗೆ ಸ್ಕೇಲ್ ಇಟ್ಟು ಅಳೆದಿದ್ದೆ, 45 ಇತ್ತು. ಬ್ಯಾಗ್ ಒಳಗೆ ಹೋಗ್ದೇ ಇರೋ ಟ್ರೈಪಾಡನ್ನ ಬಸ್ಸಲ್ಲಿ ಜನರ ಮಧ್ಯೆ ಹಿಡ್ಕೊಂಡು ನಿಂತವ್ರಿಗೆ ಗೊತ್ತು ಆ ಕಷ್ಟ, ಎರಡನೇ ಟ್ರಿಪ್ಪಿಗೇ ಅದು ಮನೇಲಿ ಬಾಗಿಲ ಹಿಂದೆ ಸೇರುತ್ತೆ.

ಎತ್ತರದ ಬಗ್ಗೆ ಒಂದು ಮಾತು. ಮಧ್ಯದ ಕೋಲು ಎತ್ತಿದ್ಮೇಲೆ ಎಷ್ಟು ಎತ್ತರ ಅಂತ ಹೇಳಿ ಮಾರ್ತಾರೆ, ಅದನ್ನ ಕೇಳ್ಬೇಡಿ, ಎತ್ತದೇ ಎಷ್ಟು ಅಂತ ನೋಡಿ. ಕೋಲು ಎತ್ತಿದ್ರೆ ಮೂರು ಕಾಲಿನ ಮೇಲೆ ಒಂದು ಬಾವುಟದ ಕಂಬ ನೆಟ್ಟ ಹಾಗೆ, ಮೇಲೆ ಕ್ಯಾಮೆರಾ ಹಾರಾಡುತ್ತೆ. ನಂದು ಕೋಲು ಎತ್ತದೆ ಎದೆ ಮಟ್ಟಕ್ಕೆ ಬರುತ್ತೆ, ಸ್ವಲ್ಪ ಬಗ್ಗಬೇಕು, ಬಗ್ತೀನಿ. ಗಾಳಿ ಜಾಸ್ತಿ ಇದ್ರೆ ಕೋಲಿನ ಕೆಳಗಿನ ಕೊಕ್ಕೆಗೆ ಬ್ಯಾಗ್ ನೇತಾಕ್ತೀನಿ, ಆದ್ರೆ ಬ್ಯಾಗ್ ನೆಲಕ್ಕೆ ಸ್ವಲ್ಪ ತಾಗ್ತಿರ್ಬೇಕು, ಇಲ್ಲಾಂದ್ರೆ ಬ್ಯಾಗೇ ತೂಗಾಡಿ ಕ್ಯಾಮೆರಾನೂ ತೂಗಿಸುತ್ತೆ.

ಗುಂಡಿನ ಮೇಲೆ ಎಲ್ಲಾ ಕಡೆಗೂ ತಿರುಗೋ ಬಾಲ್ ಹೆಡ್ಡಲ್ಲಿ ನೋಡ್ಬೇಕಾಗಿದ್ದು ಇನ್ನೊಂದು. ಉದ್ದ ಲೆನ್ಸ್ ಹಾಕಿ, ಗಟ್ಟಿ ಲಾಕ್ ಮಾಡಿ, ಒಂದು ನಿಮಿಷ ಬಿಟ್ಟು ನೋಡಿ. ಕೆಲವು ನಿಧಾನಕ್ಕೆ ತಲೆ ತೂಗ್ತಾವೆ, ಮಧ್ಯಾಹ್ನ ಊಟ ಆದ್ಮೇಲೆ ಜಗಲಿ ಮೇಲೆ ಕೂತ ಅಜ್ಜನ ಥರ. ಕ್ಯಾಮೆರಾ ಅಡಿಗೆ ಸ್ಕ್ರೂ ಮಾಡಿ ಹೆಡ್ಡಿಗೆ ಸಿಕ್ಕಿಸೋ ಪ್ಲೇಟು ಆರ್ಕಾ ಸ್ವಿಸ್ ಮಾದರಿದು ಇದ್ರೆ ಒಳ್ಳೇದು, ಕಳೆದುಹೋದ್ರೆ ಬೇರೆ ಯಾವ ಕಂಪನಿದಾದ್ರೂ ಸಾಮಾನ್ಯವಾಗಿ ಕೂರುತ್ತೆ. ಇದನ್ನ ಯಾಕ್ ಹೇಳ್ತಿದೀನಿ ಅಂದ್ರೆ ಹಂಪೀಲಿ ಬೆಳಗಿನ ಜಾವ ಟಾರ್ಚ್ ಹಿಡ್ಕೊಂಡು ಮಾತಂಗ ಬೆಟ್ಟ ಹತ್ತಿ, ಟ್ರೈಪಾಡ್ ಬಿಚ್ಚಿ, ಕ್ಯಾಮೆರಾ ತಿರುಗಿಸಿ ನೋಡ್ತೀನಿ ಪ್ಲೇಟೇ ಇಲ್ಲ. ಬೆಂಗಳೂರಲ್ಲಿ ಟೇಬಲ್ ಮೇಲೆ ಇದೆ. ಬಂಡೆ ಮೇಲೆ ಟವೆಲ್ ಮಡಚಿ ಇಟ್ಟು ಅದರ ಮೇಲೆ ಕ್ಯಾಮೆರಾ ಇಟ್ಟು ಸೂರ್ಯೋದಯ ತೆಗೆದೆ, ನಿಜ ಹೇಳ್ಬೇಕಂದ್ರೆ ಅವು ಚೆನ್ನಾಗೇ ಬಂದ್ವು! ಹಂಪಿಗೆ ಹೋಗೋರಿಗೆ ಇನ್ನೊಂದು, ಪುರಾತತ್ವ ಇಲಾಖೆ ಸ್ಮಾರಕಗಳ ಒಳಗೆ ಟ್ರೈಪಾಡ್ ನಿಲ್ಲಿಸೋಕೆ ಮೊದ್ಲೇ ಅನುಮತಿ ತಗೊಂಡಿರ್ಬೇಕು, ಅಲ್ಲಿ ಹೋಗಿ ಗಾರ್ಡ್ ಹತ್ರ ವಾದ ಮಾಡಿ ಪ್ರಯೋಜನ ಇಲ್ಲ.

ಈಗ ರಿಮೋಟ್ ವಿಷ್ಯ. ಗಟ್ಟಿ ಟ್ರೈಪಾಡ್ ಬಂದ್ಮೇಲೆ 2 ಸೆಕೆಂಡ್ ಟೈಮರೇ ಸಾಕಲ್ವಾ ಅಂತ ಗೆಳೆಯ ಕೇಳಿದ. ಗುಡ್ಡ, ಕಟ್ಟಡ ತೆಗಿಯೋಕಾದ್ರೆ ಸಾಕು. ಆದ್ರೆ ಮಳೆಗಾಲದ ಜೋಗದಲ್ಲಿ ಮಂಜು ಮುಚ್ಕೊಂಡಿರುತ್ತೆ, ಅರ್ಧ ಗಂಟೆ ಬರೀ ಬಿಳಿ ಗೋಡೆ, ನೀರಿನ ಸದ್ದು ಮಾತ್ರ. ಆಮೇಲೆ ಇದ್ದಕ್ಕಿದ್ದ ಹಾಗೆ ಪರದೆ ಸರಿದ ಹಾಗೆ ತೆರೆಯುತ್ತೆ, ಜನ ಎಲ್ಲಾ ಓ ಅಂತಾರೆ, ನೀವು ಟೈಮರ್ ಒತ್ತಿ ಪೀಂ ಪೀಂ ಅಂತ ಕಾಯೋಷ್ಟರಲ್ಲಿ ರಾಣಿ ಮತ್ತೆ ಮಾಯ. ಅಲ್ಲಿ ಬೆರಳು ಗುಂಡಿ ಮೇಲೇ ಇರ್ಬೇಕು, ಕ್ಯಾಮೆರಾ ಮಾತ್ರ ಮುಟ್ಬಾರ್ದು. ಫೋನ್ ಆಪ್ ಇದೆ, ವೈಫೈಲಿ ಕೆಲಸ ಮಾಡುತ್ತೆ, ಆದ್ರೆ ಎರಡರ ಬ್ಯಾಟರಿನೂ ತಿನ್ನುತ್ತೆ, ಮಳೆಲಿ ಒದ್ದೆ ಬೆರಳಿಗೆ ಸ್ಕ್ರೀನ್ ಮಾತು ಕೇಳಲ್ಲ.

ನಾನೂರು ರೂಪಾಯಿಯ ವೈರ್ ರಿಮೋಟ್ ತರಿಸಿದೆ, ಬಂದಿದ್ದು ಮೂರು ಪಿನ್ನಿಂದು. ತಪ್ಪು ನಂದೇ, ಕ್ಯಾನನ್ ರಿಮೋಟ್ ಅಂತ ಹುಡುಕಿ ಮೊದ್ಲು ಕಂಡಿದ್ದನ್ನ ಒತ್ತಿದ್ದೆ. ಕ್ಯಾನನ್ನಲ್ಲೇ ದೊಡ್ಡ ಕ್ಯಾಮೆರಾಗಳಿಗೆ ಎನ್3 ಅನ್ನೋ ಮೂರು ಪಿನ್ನಿನ ಸಾಕೆಟ್, ನನ್ನಂಥ ಚಿಕ್ಕದಕ್ಕೆ ಇ3 ಅನ್ನೋದು, ಹಳೇ ಮೊಬೈಲಿನ ಸಣ್ಣ ಇಯರ್‌ಫೋನ್ ಪಿನ್ ಥರದ್ದು, 2.5 ಎಂಎಂ. ಕೆಲವು ಕ್ಯಾಮೆರಾಗೆ ತೂತೇ ಇರಲ್ಲ, ನಿಕಾನ್ ಡಿ3500 ಹಾಗೇನೇ, ಅದಕ್ಕೆ ಟೈಮರೋ ಆಪೋ ಅಷ್ಟೇ. ಕ್ಯಾಮೆರಾ ಪಕ್ಕದ ರಬ್ಬರ್ ಮುಚ್ಚಳ ತೆಗೆದು ನೋಡಿ ಆಮೇಲೆ ಆರ್ಡರ್ ಮಾಡಿ.

ಆಮೇಲೆ ನಕ್ಷತ್ರದ ಹುಚ್ಚು ಹತ್ತಿ ಸಾವಿರದ ಮುನ್ನೂರು ಕೊಟ್ಟು ಇಂಟರ್ವಲೋಮೀಟರ್ ತಗೊಂಡೆ, ಇಷ್ಟು ಹೊತ್ತಿಗೊಂದು ಫೋಟೋ ಅಂತ ತಾನೇ ತೆಗೆಸೋ ರಿಮೋಟು, ನನ್ನ ಕ್ಯಾಮೆರಾ ಒಳಗೆ ಆ ಸೌಲಭ್ಯ ಇಲ್ಲ. ಜನವರೀಲಿ ಸಾಗರದ ಹತ್ರ ಚಿಕ್ಕಪ್ಪನ ಮನೆ ಅಂಗಳ, ಅಡಿಕೆ ಒಣಹಾಕಿದ್ರು, ಮೂಲೇಲಿ ಟ್ರೈಪಾಡ್ ನಿಲ್ಲಿಸಿ 30 ಸೆಕೆಂಡ್ ಶಟರ್, 30 ಸೆಕೆಂಡಿಗೊಂದು ಫೋಟೋ ಅಂತ ಸೆಟ್ ಮಾಡಿ ಒಳಗೆ ಹೋಗಿ ಊಟ ಮಾಡ್ದೆ. ಬಂದು ಎಲ್ಲಾ ಫೋಟೋ ಒಂದರ ಮೇಲೊಂದು ಸೇರಿಸಿ ನೋಡಿದ್ರೆ ನಕ್ಷತ್ರದ ಗೆರೆ ತುಂಡು ತುಂಡು, ಅರ್ಧ ಅಳಿಸಿದ ರಂಗೋಲಿ. ಆಮೇಲೆ ಗೊತ್ತಾಯ್ತು, 30 ಅಂತ ತೋರಿಸಿದ್ರೂ ಶಟರ್ ತೆರೆದಿರೋದು 32 ಸೆಕೆಂಡು! ರಿಮೋಟ್ 30ಕ್ಕೆ ಕರೆದಾಗ ಕ್ಯಾಮೆರಾ ಇನ್ನೂ ಕೆಲಸದಲ್ಲಿರುತ್ತೆ, ಕಿವಿಗೇ ಹಾಕ್ಕೊಳ್ಳಲ್ಲ, ಹೀಗೆ ಒಂದು ಬಿಟ್ಟು ಒಂದು ತಪ್ಪಿತ್ತು. ಮಾರನೇ ರಾತ್ರಿ 34 ಇಟ್ಟೆ, ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಅನ್ನೋ ಚುಕ್ಕೆ ಅಳಿಸೋ ಸೌಲಭ್ಯ ಆಫ್ ಮಾಡಿದೆ, ಇಲ್ಲಾಂದ್ರೆ ಪ್ರತಿ ಫೋಟೋ ಆದ್ಮೇಲೆ ಕ್ಯಾಮೆರಾ ಇನ್ನೂ ಅಷ್ಟೇ ಹೊತ್ತು ತಗೊಳುತ್ತೆ, ಕೈ ಅಲ್ಲಾಟ ಸರಿಮಾಡೋ ಲೆನ್ಸಿನ ಐಎಸ್ಸೂ ಆಫ್. ಕಣ್ಣಿಡೋ ಕಿಂಡಿಯಿಂದ ಬೆಳಕು ನುಗ್ಗದ ಹಾಗೆ ಕ್ಯಾಮೆರಾ ಬೆಲ್ಟಲ್ಲೇ ಇರೋ ಆ ಕಪ್ಪು ರಬ್ಬರ್ ಮುಚ್ಚಿದೆ, ಅದು ಯಾಕಿದೆ ಅಂತ ಎರಡು ವರ್ಷ ಗೊತ್ತೇ ಇರ್ಲಿಲ್ಲ ನಂಗೆ.

ಧ್ರುವ ನಕ್ಷತ್ರದ ಸುತ್ತ ವೃತ್ತ ಬರ್ಲಿ ಅಂತ ಆಸೆ ಇತ್ತು, ಆದ್ರೆ ನಮ್ಮ ಕಡೆ ಧ್ರುವ ಬಾನಂಚಿಂದ ಬರೀ 14 ಡಿಗ್ರಿ ಮೇಲೆ, ಪೂರ್ತಿ ಅಡಿಕೆ ಮರದ ಹಿಂದೆ. ಇರ್ಲಿ ಅಂತ ಮರಗಳನ್ನೂ ಸೇರಿಸ್ಕೊಂಡೇ ಬಿಟ್ಟೆ. ಐವತ್ತನೇ ಫೋಟೋ ಹೊತ್ತಿಗೆ ಹಿಂದಿಂದ ದೊಡ್ಡ ಟಾರ್ಚ್ ಬಿತ್ತು, ಅಂಗಳ ಎಲ್ಲಾ ಹಗಲು. "ಯಾರದು? ಅಡಿಕೆ ಹತ್ರ ಎಂತ ಮಾಡ್ತಿದೀರಾ?" ಚಿಕ್ಕಪ್ಪ. ನಾನೇ ಚಿಕ್ಕಪ್ಪ ಅಂದೆ. "ಎಂತ ಮಾರಾಯ, ಮಲ್ಕೊಳೋದು ಬಿಟ್ಟು," ಅಂತ ಹೇಳಿ ಟಾರ್ಚನ್ನ ಕ್ಯಾಮೆರಾಗೇ ಹಿಡಿದು ಇದೆಂತ ಕೆಂಪು ದೀಪ ಅಂತ ಕೇಳಿದ್ರು. ಆ ಒಂದು ಫ್ರೇಮ್ ತೆಗೆದು ಹಾಕಿ ಉಳಿದಿದ್ದು ಸೇರಿಸಿದೆ, ಗೆರೇಲಿ ಸಣ್ಣ ಬಿರುಕು ಕಾಣುತ್ತೆ, ಹುಡುಕಿದ್ರೆ ಮಾತ್ರ. ಎಪ್ಪತ್ತರಿಂದ ಆಚೆಗಿನವು ಎಲ್ಲಾ ಮಸುಕು, ಇಬ್ಬನಿ ಲೆನ್ಸ್ ಮೇಲೆ ಕೂತಿತ್ತು.

ಈಗ ಪ್ಲೇಟನ್ನ ಕ್ಯಾಮೆರಾದಿಂದ ಬಿಚ್ಚೋದೇ ಇಲ್ಲ, ರಿಮೋಟ್ ಒಂದು ಹಳೇ ಕನ್ನಡಕದ ಡಬ್ಬೀಲಿರುತ್ತೆ, ಎರಡು ಸಣ್ಣ ಸೆಲ್ಲು ಬಿಚ್ಚಿಟ್ಟು. ಟ್ರೈಪಾಡಿನ ಒಂದು ಕಾಲಿನ ರಬ್ಬರ್ ಹೋದ ಮಳೆಗಾಲ ಶರಾವತಿ ಕಡೆ ಕೆಸರಲ್ಲಿ ಕಳಚಿ ಹೋಯ್ತು. ಸಾಗರದ ಮೆಡಿಕಲ್ ಶಾಪಲ್ಲಿ ಊರುಗೋಲಿಗೆ ಹಾಕೋ ರಬ್ಬರ್ ಬೂಟು ಸಿಕ್ತು, ಒಂದೇ ಹಾಕಿದ್ರೆ ಎತ್ತರ ತಗ್ಗು ಆಗುತ್ತೆ ಅಂತ ಮೂರು ತಗೊಂಡೆ. ಸರಿಯಾಗಿ ಕೂತಿದೆ, ಬ್ಯಾಗಿನ ಜಿಪ್ ಮಾತ್ರ ಸ್ವಲ್ಪ ಒತ್ತಿ ಹಾಕ್ಬೇಕು.