ಮೊದಲ ಕೆಲಸಕ್ಕೆ ಸೇರುವ ಮುಂಚೆ ಇದೊಂದು ಕೇಳಿ

ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಮಕ್ಕಳಿಗೆ ಹೇಳಿ: ಸಂಬಳ ಕೇಳುವ ಮೊದಲು "ನನಗಿಂತ ಮುಂಚೆ ಈ ಕೆಲಸದಲ್ಲಿದ್ದವರು ಈಗ ಏನು ಮಾಡ್ತಿದ್ದಾರೆ?" ಅಂತ ಕೇಳಲಿ. ಅಲ್ಲೇ ಮೇಲಕ್ಕೆ ಹೋಗಿದ್ದರೆ ದಾರಿ ಇದೆ ಅಂತ ಅರ್ಥ, ಆರಾರು ತಿಂಗಳಿಗೆ ಬಿಟ್ಟು ಹೋಗಿದ್ದರೆ ಸಂಬಳ ಜಾಸ್ತಿ ಇದ್ದರೂ ಯೋಚಿಸಿ. ಕುಶಾಲನಗರದ ಕಡೆ ಒಣಗಿದ ಕಾಯಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೂಟೆ ಲೆಕ್ಕ ಬರೆಯಲು ಸೇರಿದವರೂ, ತೇವಾಂಶ 10-11 ಪರ್ಸೆಂಟ್‌ಗೆ ಇಳಿದಿದೆಯಾ ಅಂತ ಮೀಟರ್‌ನಲ್ಲಿ ನೋಡುವುದು, ಜರಡಿ ಹಿಡಿದು ಬೀಜದ ಗ್ರೇಡ್ ಗುರುತಿಸುವುದು ಕಲಿತರೆ ಆ ವಿದ್ಯೆ ಎಲ್ಲಿಗೆ ಹೋದರೂ ಜೊತೆಗೇ ಬರುತ್ತದೆ. ಹೊಸದಾಗಿ ಶುರುವಾದ ಹೋಂಸ್ಟೇಯಲ್ಲಿ ಈ ಪ್ರಶ್ನೆ ನಡೆಯುವುದಿಲ್ಲ, ಮುಂಚೆ ಯಾರೂ ಇರಲಿಲ್ಲ ಅಲ್ವಾ. ಅಲ್ಲಿ "ಬುಕಿಂಗ್, ಜಿಎಸ್‌ಟಿ ಬಿಲ್ ಕೆಲಸ ನನ್ನ ಕೈಗೆ ಯಾವಾಗ ಕೊಡ್ತೀರಿ?" ಅಂತ ಕೇಳಲಿ.